ಅಳೆಯುವಾಗ ಕರೆಂಟ್ ಇತ್ತಾ?

“ಈ ಸಾಲುಗಳು ಯಾಕೆ ಬೇಕು?”

ರೇಣುಕಪ್ರಸಾದ್ ಸುಮನಾಳ ಜೊತೆ ಆಡಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಒಂದು ನಗುವೂ ಇಲ್ಲ!

ಅದೂ ಎಂಥ ವಾರದಲ್ಲಿ... ಬರುವ ಭಾನುವಾರ ಅವನು ತರೀಕೆರೆಯಿಂದ ಅಜ್ಜಂಪುರದ ಅವಳ ಮನೆಗೆ ಹೆಣ್ಣು ನೋಡಲು ಬರುವವನಿದ್ದ. ಮಠದಲ್ಲಿ ಎರಡೂ ಮನೆಯ ಹಿರಿಯರು ಸೇರಿದ್ದಾಗ ಹುಟ್ಟಿದ ಮಾತು ಅದು. ಅಷ್ಟರಲ್ಲಿ ಕಡೂರಿನ ಅವಳ ಕಂಪನಿಗೇ ಅವನು ಹಿರಿಯ ಎಂಜಿನಿಯರ್ ಆಗಿ ಬಂದು ಸೇರಿದ. “ಒಳ್ಳೇದೇ ಆಯ್ತು ಬಿಡೇ, ಬಂದು ಕೂರೋಕ್ ಮುಂಚೇನೇ ಹುಡುಗನ್ನ ನೋಡ್ಬಹುದು” ಎಂದು ತಾಯಿ ಮಲ್ಲಿಕಾಂಬ ನಕ್ಕಿದ್ದರು.

ನೋಡಿದ್ದಾಯಿತು. ಮೀಟಿಂಗಿನಲ್ಲಿ, ಎಲ್ಲರ ಎದುರಿಗೆ.

ಕಂಪನಿ ದೊಡ್ಡದೇನಲ್ಲ. ಬಿ.ಎಚ್. ರಸ್ತೆಯ ಒಂದು ಮಹಡಿ, ಕೆಲವೇ ಜನ. ಕೆಲಸ ಮಾತ್ರ ಸೂಕ್ಷ್ಮದ್ದು. ಒಂದೇ ಕಂಪ್ಯೂಟರ್ ಹಲವು ಕಂಪ್ಯೂಟರುಗಳಂತೆ ನಡೆಯಲು ಬೇಕಾದ ಕೋಡ್ ಬರೆಯುವುದು. ಒಂದು ವಠಾರ ಎಂದುಕೊಳ್ಳಿ. ಬಾಡಿಗೆಯವರು ಏನೇ ಬೇಕಾದರೂ ಮಾಲೀಕನನ್ನು ಕರೆಯಬೇಕು. ಅವನು ಒಳಗೆ ಬರುವ ಮೊದಲು ಸಾಮಾನನ್ನೆಲ್ಲ ಎತ್ತಿಡಬೇಕು, ಹೋದ ಮೇಲೆ ಮತ್ತೆ ಹರಡಿಕೊಳ್ಳಬೇಕು. ಹೊತ್ತು ಹೋಗುವುದೇ ಅದಕ್ಕೆ.

ಮಾಲೀಕ ಮುಟ್ಟುವ ಸಾಮಾನನ್ನಷ್ಟೇ ಎತ್ತಿಟ್ಟರೆ ಸಾಲದೇ? ಸುಮನಾ ಬರೆದದ್ದು ಹಾಗೆ ಮಾಡುವ ಕೋಡನ್ನು. ವೇಗವೇನೋ ಹೆಚ್ಚುತ್ತದೆ, ಆದರೆ ಒಂದು ಕಡೆ ಎಡವಿದರೂ ಒಬ್ಬರ ಗುಟ್ಟು ಇನ್ನೊಬ್ಬರ ಕೈ ಸೇರುತ್ತದೆ. ಅದಕ್ಕೇ ಈ ಕೆಲಸದಲ್ಲಿ ಒಂದು ಕಟ್ಟುಪಾಡು. ಇಂಥ ಜಾಣತನ ಮಾಡಿದವರು ಎಷ್ಟು ಹೊತ್ತು ಉಳಿಯಿತೆಂದು ಅಳೆದು, ಅದು ಯಾಕೆ ಬೇಕೆಂದು ತೋರಿಸಬೇಕು. ಒಪ್ಪಿದವರು ಅದರ ಕೆಳಗೆ ತಮ್ಮ ಹೆಸರು ಹಾಕಬೇಕು.

ಅವಳು ತೋರಿಸಿದಳು. ರಜೆಯ ದಿನ ಮನೆಯಲ್ಲಿ ಕೂತು ತನ್ನ ಲ್ಯಾಪ್‌ಟಾಪಿನಲ್ಲೇ ಅಳೆದದ್ದು ಎಂದೂ ಹೇಳಿದಳು. ಹಳೆಯ ಕೋಡಿಗಿಂತ ಹೊಸದು ಎಷ್ಟೋ ಬೇಗ ಮುಗಿದಿತ್ತು.

ರೇಣುಕಪ್ರಸಾದ್ ಪರದೆಯನ್ನು ತುಸು ಹೊತ್ತು ನೋಡಿದ.

“ಅಳೆಯುವಾಗ ಕರೆಂಟ್ ಇತ್ತಾ?”

ಪಕ್ಕದಲ್ಲಿದ್ದ ಹೇಮಂತ್ ಕಿಸಕ್ಕನೆ ನಕ್ಕ. ಸುಮನಾಳ ಕಿವಿ ಬಿಸಿಯಾಯಿತು.

‘ಅಜ್ಜಂಪುರದವಳು ಅಂತ ತಾನೇ ಈ ಮಾತು...’

“ನಮ್ಮೂರಲ್ಲೂ ಲೈಟು ಉರಿಯುತ್ತೆ ಸಾರ್” ಎಂದವಳೇ ಲ್ಯಾಪ್‌ಟಾಪ್ ಮುಚ್ಚಿದಳು. ಅವನು ಏನೋ ಹೇಳಲು ಹೊರಟ. ಅವಳು ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದು ತಂದೆ ಬಸವರಾಜಪ್ಪನವರಿಗೆ ಭಾನುವಾರ ಯಾರೂ ಬರುವುದು ಬೇಡ ಎಂದಳು. ಯಾಕೆ ಮಗಾ ಎಂದರು ಅವರು.

“ನನ್ನ ಕೆಲಸಾನ ನಾಕು ಜನರ ಮುಂದೆ ನಗೆಪಾಟಲು ಮಾಡೋರ ಜೊತೆ ಬಾಳೋದು ಹೆಂಗೆ ಅಪ್ಪಾಜಿ?”

ಬಸವರಾಜಪ್ಪ ಆಗಲೇ ತರೀಕೆರೆಗೆ ಫೋನ್ ಮಾಡಿ ಹೇಳಿಬಿಟ್ಟರು.

ಶನಿವಾರ ಮಧ್ಯಾಹ್ನ, ಹಟಕ್ಕೆ ಬಿದ್ದು ಅವಳು ಅದೇ ಕೋಡನ್ನು ಮತ್ತೆ ಓಡಿಸುತ್ತಿದ್ದಳು. ಕರೆಂಟ್ ಹೋಯಿತು. ಗೊರಗೊರ ಎನ್ನುತ್ತಿದ್ದ ಲ್ಯಾಪ್‌ಟಾಪಿನ ಫ್ಯಾನ್ ಮೆಲ್ಲಗೆ ತಣ್ಣಗಾಯಿತು.

ಸುಮನಾ ಆ ಸದ್ದಿಲ್ಲದ ಯಂತ್ರವನ್ನೇ ನೋಡಿದಳು.

ರಜೆಯ ದಿನ ಅಳೆದಾಗಲೂ ಹೀಗೆಯೇ ಆಗಿತ್ತು! ಹಳೆಯ ಕೋಡ್ ಓಡುವಾಗ ಕರೆಂಟ್ ಇರಲಿಲ್ಲ. ಅಮ್ಮ ಊಟಕ್ಕೆ ಕರೆದಿದ್ದರು, ಉಂಡು ಬರುವಷ್ಟರಲ್ಲಿ ಬಂದಿತ್ತು, ಆಮೇಲೆ ಹೊಸದನ್ನು ಓಡಿಸಿದ್ದಳು. ಬ್ಯಾಟರಿಯ ಮೇಲಿದ್ದಾಗ ಯಂತ್ರ ತನ್ನ ಓಟವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಂದರೆ ಅಂದು ಗೆದ್ದದ್ದು ಅವಳ ಕೋಡ್ ಅಲ್ಲ, ಚಾರ್ಜರ್.

‘ಅವರು ಕೇಳಿದ್ದು ನಮ್ಮೂರನ್ನಲ್ಲ... ಕರೆಂಟನ್ನೇ.’

ಆದರೆ ತರೀಕೆರೆಗೆ ಬೇಡವೆಂದು ಹೇಳಿ ಆಗಿತ್ತು. ಭಾನುವಾರ ಮನೆಯ ಹಜಾರ ಖಾಲಿಯಾಗಿತ್ತು. ಕೇಸರಿಬಾತಿಗೆಂದು ತಂದಿದ್ದ ರವೆಯನ್ನು ಮಲ್ಲಿಕಾಂಬ ಡಬ್ಬಕ್ಕೆ ಸುರಿದಿಟ್ಟರು.

ಸೋಮವಾರ ಅವಳು ಕಂಪನಿಯ ಸರ್ವರ್ ಮೇಲೆಯೇ ಎರಡೂ ಕೋಡನ್ನು ಓಡಿಸಿದಳು. ಹೆಚ್ಚಿನ ಕಡೆ ಲಾಭ ಇಲ್ಲವೇ ಇಲ್ಲ. ಬಾಡಿಗೆಯವನು ಸಣ್ಣಪುಟ್ಟದ್ದಕ್ಕೆ ಮೇಲಿಂದ ಮೇಲೆ ಮಾಲೀಕನನ್ನು ಕರೆಯುವ ಒಂದು ಕಡೆ ಮಾತ್ರ ನಿಜವಾದ ಲಾಭವಿತ್ತು. ಅದೊಂದನ್ನು ಉಳಿಸಿಕೊಂಡು, ಇಷ್ಟಪಟ್ಟು ಬರೆದ ಉಳಿದ ಸಾಲುಗಳನ್ನೆಲ್ಲ ಅಳಿಸಿದಳು. ಮೊದಲ ಅಳತೆ ಯಾಕೆ ತಪ್ಪಿತೆಂದೂ ಮೇಲೆ ಬರೆದು, ಎಲ್ಲರಿಗೂ ಕಾಣುವಂತೆ ಕಳಿಸಿದಳು. ಸಂಜೆಯವರೆಗೂ ಉತ್ತರವಿಲ್ಲ.

ಬೀರೂರು ಜಂಕ್ಷನ್‌ನಲ್ಲಿ ಅವಳು ಅಜ್ಜಂಪುರದ ಗಾಡಿಗೆ ಕಾಯುತ್ತಿದ್ದಾಗ ಅವನು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ತರೀಕೆರೆಯ ಗಾಡಿಯೂ ಇನ್ನೂ ಬಂದಿರಲಿಲ್ಲ.

“ಆ ಪ್ರಶ್ನೇನ ನಿಮ್ಮೊಬ್ಬರ ಹತ್ರಾನೇ ಕೇಳ್ಬೇಕಿತ್ತು” ಎಂದ. “ತಪ್ಪಾಯ್ತು ಕಣ್ರೀ. ತರೀಕೆರೇಲೂ ಹೋಗುತ್ತಲ್ಲ, ನಂಗೆ ಮೊದಲು ಹೊಳೆಯೋದೇ ಕರೆಂಟು.”

“ಕೇಳಿದ್ದು ಸರಿಯಾಗೇ ಇತ್ತು. ನಾನೇ ತಪ್ಪಾಗಿ ತಿಳ್ಕೊಂಡೆ.” ಅವಳು ಹಳಿಗಳನ್ನು ನೋಡುತ್ತ ಕೇಳಿದಳು, “ಓದಿದ್ರಾ?”

“ಓದ್ದೆ. ಕೆಳಗೆ ನನ್ನ ಹೆಸರು ಹಾಕಿದೀನಿ. ಇನ್ಮೇಲೆ ಅದ್ರಲ್ಲಿ ಏನೇ ಎಡವಟ್ಟಾದ್ರೂ ಇಬ್ಬರನ್ನೂ ಕೇಳ್ತಾರೆ.”

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ದೂರದಲ್ಲಿ ಅವಳ ಗಾಡಿಯ ಸದ್ದು ಕೇಳಿಸಿತು. ಈಗ ಕೇಳದಿದ್ದರೆ ಇನ್ನು ಯಾವಾಗ...

“ಮನೇಲಿ ತೋರಿಸಿದ ಸಂಬಂಧಕ್ಕೆ ನೀವು ಹೂಂ ಅಂದಿದ್ರಂತೆ. ಯಾಕೆ ಅಂತ ಹೇಳ್ಲಿಲ್ಲ. ಕಾರಣ ಕೊಡ್ಬೇಕಲ್ವಾ?”

ಅವನು ಅವಳ ಕಡೆ ತಿರುಗಿ ಕೂತ.

“ಆಗ ಕಾರಣ ಇರ್ಲಿಲ್ಲ, ಫೋಟೋ ಚೆನ್ನಾಗಿತ್ತು ಅಷ್ಟೆ. ಇವತ್ತು ಇದೆ. ನಾನು ಅಳಿಸಿ ಅನ್ನೋಕ್ ಮುಂಚೆ ನಿಮ್ಮ ಸಾಲುಗಳನ್ನ ನೀವೇ ಅಳಿಸಿದ್ರಿ. ಅಂಥೋರ ಜೊತೆ ಜಗಳ ಆಡಿದ್ರೂ ಹೆದರಿಕೆ ಇರಲ್ಲ.” ಆಮೇಲೆ ಮೆಲ್ಲಗೆ ಸೇರಿಸಿದ, “ನಿಮ್ಮಪ್ಪಾಜಿ ಬರೋದು ಬೇಡ ಅಂದಿದಾರೆ.”

ಗಾಡಿ ಬಂದು ನಿಂತಿತು. ಸುಮನಾ ಎದ್ದಳು, ಬಾಗಿಲಲ್ಲಿ ನಿಂತು ತಿರುಗಿದಳು.

“ಅಪ್ಪಾಜಿಗೆ ನಾನು ಹೇಳ್ತೀನಿ. ಬರೋ ಭಾನುವಾರ ಬನ್ನಿ.”

“ಕರೆಂಟ್ ಇರುತ್ತಾ?”

“ಇದ್ರೂ ಬನ್ನಿ... ಇಲ್ದಿದ್ರೂ ಬನ್ನಿ.”