ಹದಿನೆಂಟೂವರೆ ಅಂಕದ ದೂರು

ಅಕ್ಟೋಬರ್ ಇಪ್ಪತ್ತೊಂದು, ಸೋಮವಾರ, ಬೆಳಿಗ್ಗೆ ಏಳೂವರೆ. ಶಾಲೆಯ ಸಮವಸ್ತ್ರದಲ್ಲಿದ್ದ ಹುಡುಗಿಯೊಬ್ಬಳು ನಗರ ಪೊಲೀಸ್ ಠಾಣೆಗೆ ಬಂದು ದೂರು ಕೊಡಬೇಕು ಎಂದಳು. ಕಾನ್‌ಸ್ಟೇಬಲ್ ತ್ವೆತ್ ಕುರ್ಚಿ ತೋರಿಸಿದಳು. ಹುಡುಗಿ ಕೂತಳು.

“ಏನು ಹೋಯ್ತು? ಸೈಕಲ್ಲಾ, ಫೋನಾ?” ಎಂದಳು ತ್ವೆತ್.

“ಏನೂ ಹೋಗಿಲ್ಲ ಅಕ್ಕ. ಬಂದಿದೆ.”

“ಏನು ಬಂದಿದೆ?”

“ಹದಿನೆಂಟೂವರೆ ಅಂಕ. ಇಪ್ಪತ್ತಕ್ಕೆ.”

ಪಕ್ಕದ ಮೇಜಿನಲ್ಲಿ ಅಂಟಕ್ಕಿ ಅನ್ನ ತಿನ್ನುತ್ತಿದ್ದ ಪೇದೆಗೆ ನಗು ತಡೆಯಲಾಗಲಿಲ್ಲ. “ನನ್ನ ಮಗನಿಗೆ ನಾಲ್ಕು ಬಂದಿದೆ. ಅವನ ಮೇಲೂ ಒಂದು ಕೇಸ್ ಜಡೀರಿ.”

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಲಾಮ್ ಹೊರಗೆ ಬಂದ. ಐವತ್ತರ ಹತ್ತಿರದ ವಯಸ್ಸು, ಯಾವಾಗಲೂ ಸಿಡುಕು ಮುಖ. ಪೇದೆಯನ್ನು ಒಮ್ಮೆ ನೋಡಿದ. ಪೇದೆ ಅನ್ನದ ಪೊಟ್ಟಣ ಎತ್ತಿಕೊಂಡು ಎದ್ದು ಹೋದ.

“ಹೆಸರು?”

“ಖ್ವೇ. ಪ್ರಾಂತ್ಯದ ಪ್ರತಿಭಾವಂತರ ಶಾಲೆ, ಹನ್ನೊಂದನೇ ತರಗತಿ, ಇಂಗ್ಲಿಷ್ ವಿಭಾಗ.”

“ಅಂಕ ಬಂದಿದ್ದಕ್ಕೆ ದೂರು ತಂದಿರೋಳು ನೀನೇ ಮೊದಲು. ವಿಷಯ ಹೇಳು.”

“ಹತ್ತನೇ ತಾರೀಕು ಗುರುವಾರ ಬೆಳಿಗ್ಗೆ ರಾಷ್ಟ್ರಮಟ್ಟದ ಸ್ಪರ್ಧೆಗೆ ಹೋಗೋ ತಂಡದ ಆಯ್ಕೆ ಪರೀಕ್ಷೆ ಇತ್ತು ಚಿಕ್ಕಪ್ಪ. ಬರೆಯೋದು ಚೆನ್ನಾಗೇ ಬರೆದೆ. ಆಮೇಲೆ ಮಾತಾಡೋ ಪರೀಕ್ಷೆ. ಒಬ್ಬೊಬ್ಬರನ್ನೇ ರೂಮಲ್ಲಿ ಕೂರಿಸ್ತಾರೆ. ಮುಂದೆ ಕಂಪ್ಯೂಟರ್, ಮೈಕು, ಅಷ್ಟೆ. ಪ್ರಶ್ನೆ ಬರುತ್ತೆ, ಕೆಂಪು ದೀಪ ಹತ್ತುತ್ತೆ, ಐದು ನಿಮಿಷ ಮಾತಾಡ್ಬೇಕು. ನಾನು ಮಾತಾಡ್ಲಿಲ್ಲ.”

“ಕಮ್ಮಿ ಮಾತಾಡಿದೆಯಾ?”

“ಬಾಯೇ ಬಿಡ್ಲಿಲ್ಲ. ದೀಪ ನೋಡ್ತಾ ಕೂತಿದ್ದೆ. ಮೊನ್ನೆ ಫಲಿತಾಂಶ ಬಂತು. ಮಾತಾಡಿದ್ದಕ್ಕೆ ಹದಿನೆಂಟೂವರೆ ಕೊಟ್ಟಿದ್ದಾರೆ. ತಂಡಕ್ಕೆ ಹತ್ತು ಜನ. ನಾನು ಮೂರನೆಯವಳು. ಹನ್ನೊಂದನೆಯವಳು ತಯಾರಿ ತರಗತೀಲಿ ನನ್ನ ಪಕ್ಕದಲ್ಲಿ ಕೂರೋ ಙಾನ್. ಅವಳು ಹನ್ನೆರಡನೇ ತರಗತಿ, ಅವಳಿಗೆ ಇನ್ನೊಂದು ವರ್ಷ ಇಲ್ಲ. ಶುಕ್ರವಾರ ಪಟ್ಟಿ ಹನೋಯ್‌ಗೆ ಹೋಗುತ್ತೆ.”

ಪಟ್ಟಿ ಒಮ್ಮೆ ರಾಜಧಾನಿಗೆ ಹೋದರೆ ಮುಗಿಯಿತು, ಮತ್ತೆ ಬದಲಿಸಲಾಗದು. ರಾಷ್ಟ್ರಮಟ್ಟದ ಬಹುಮಾನ ಬಂದರೆ ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶ. ಆ ಹತ್ತು ಕುರ್ಚಿಗಳಿಗಾಗಿ ಈ ಊರಿನ ಮಕ್ಕಳು ಹನ್ನೆರಡು ವರ್ಷದವರಾದಾಗಿನಿಂದ ನಿದ್ದೆಗೆಡುತ್ತಾರೆ.

“ಮನೇಲಿ ಹೇಳಿದೆಯಾ?”

“ಅಮ್ಮ ಆಗ್ಲೇ ಓಣಿಗೆಲ್ಲ ಊಟ ಹಾಕಿದ್ದಾಳೆ.”

“ಶಾಲೇಲಿ?”

“ನ್ಯಾನ್ ಟೀಚರ್‌ಗೆ ಹೇಳ್ದೆ. ನಮ್ಮ ತಂಡ ತಯಾರು ಮಾಡೋದು ಅವರೇ. ಭಯದಲ್ಲಿ ಮಾತಾಡಿದ್ದು ನಿಂಗೇ ನೆನಪಿಲ್ಲ, ಹೋಗಿ ಓದ್ಕೋ ಅಂದ್ರು.”

“ನೆನಪಿಲ್ಲದೆ ಇರಬಹುದಲ್ಲ?”

“ಚಿಕ್ಕಪ್ಪ, ಹತ್ತು ದಿನದಿಂದ ಕಣ್ಣು ಮುಚ್ಚಿದ್ರೆ ಆ ದೀಪಾನೇ ಕಾಣುತ್ತೆ. ಅದೊಂದು ಬಿಟ್ಟು ಬೇರೇನೂ ನೆನಪಿಲ್ಲ.”

ಲಾಮ್ ಎಫ್‌ಐಆರ್ ಬರೆಯಲು ಹೇಳಿದ.

ಹತ್ತು ಗಂಟೆಗೆ ಪ್ರಾಂತ್ಯದ ಪರೀಕ್ಷಾ ಕಚೇರಿಗೆ ಹೋದರು. ಮುಖ್ಯಸ್ಥ ಥಾಕ್ ಎಂಬಾತ ಹಸಿರು ಚಹಾ ಬಗ್ಗಿಸಿಕೊಟ್ಟು, ನಗುತ್ತಲೇ ಮಾತು ಶುರುಮಾಡಿದ.

“ಅಂಕ ಜಾಸ್ತಿ ಬಂತು ಅಂತ ದೂರಾ? ಹುಡುಗಿಗೆ ಓದಿ ಓದಿ ತಲೆ ಕೆಟ್ಟಿದೆ. ನಮ್ಮಲ್ಲಿ ಮೋಸ ಮಾಡೋಕೆ ಆಗೋದೇ ಇಲ್ಲ ಸಾಹೇಬ್ರೆ. ಉತ್ತರಪತ್ರಿಕೆಯ ತಲೆ ಕತ್ತರಿಸಿಬಿಡ್ತೀವಿ. ಹೆಸರಿರೋ ಭಾಗ ಪೆಟ್ಟಿಗೆಗೆ, ಉಳಿದದ್ದು ತಿದ್ದೋರಿಗೆ. ಯಾರದು ಅಂತ ಅವರಿಗೆ ಗೊತ್ತೇ ಆಗಲ್ಲ.”

“ದನಿಗೆ ತಲೆ ಎಲ್ಲಿದೆ? ಅದನ್ನ ಹೇಗೆ ಕತ್ತರಿಸ್ತೀರಿ?”

“ಅದಕ್ಕೆ ಸಂಕೇತ ಸಂಖ್ಯೆ ಇದೆ.”

“ಹುಡುಗೀದು ಹಾಕಿ. ಕೇಳೋಣ.”

ಥಾಕ್ ಎರಡು ಫೋನ್ ಮಾಡಿದ. ಆಮೇಲೆ ಲಾಮ್‌ಗೇ ಮೇಲಿನಿಂದ ಒಂದು ಫೋನ್ ಬಂತು. ಪ್ರಾಂತ್ಯದ ಮರ್ಯಾದೆ, ಮಕ್ಕಳ ಮನಸ್ಸು, ನಿಧಾನವಾಗಿ ನೋಡಿ ಎಂದು ಏನೇನೋ ಹೇಳಿದರು. ಲಾಮ್ “ಆಯ್ತು ಸಾರ್” ಎಂದು ಫೋನ್ ಜೇಬಿಗೆ ತುರುಕಿ, “ಹಾಕ್ರೀ ಅದನ್ನ” ಎಂದು ಮೇಜಿನ ಮೇಲೆ ಗುದ್ದಿದ. ಚಹಾ ಚೆಲ್ಲಿತು.

ಹಾಕಿದರು. ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ನೀರು ಹರಿದಂತೆ ಮಾತಾಡುತ್ತಿತ್ತು. ಲಾಮ್‌ಗೆ ಇಂಗ್ಲಿಷ್ ಬಾರದು. ಹಳ್ಳಿಯ ಶಾಲೆಯಲ್ಲಿ ಅವನು ಕಲಿತದ್ದು ಲೆಕ್ಕ ಮತ್ತು ಪೆಟ್ಟು. ತ್ವೆತ್‌ಗೆ ತಕ್ಕಮಟ್ಟಿಗೆ ಬರುತ್ತಿತ್ತು.

“ತುಂಬಾ ಚೆನ್ನಾಗಿ ಮಾತಾಡ್ತಾಳೆ ಅಣ್ಣ. ಒಂದು ತಪ್ಪೂ ಇಲ್ಲ.”

ಲಾಮ್ ಕೂರಲಿಲ್ಲ. ಕೋಣೆಯ ತುಂಬ ಓಡಾಡುತ್ತ ಕೇಳುತ್ತಿದ್ದ. ಇದ್ದಕ್ಕಿದ್ದಂತೆ ನಿಂತ.

“ಹಿಂದಕ್ಕೆ ಹಾಕಿ. ದನಿ ಜೋರು ಮಾಡಿ. ಅವಳ ಮಾತು ಬೇಡ. ಅದರ ಹಿಂದೆ ಏನಿದೆ ಕೇಳಿ.”

“ಏನೂ ಇಲ್ಲವಲ್ಲ” ಎಂದ ಥಾಕ್.

“ಕಿವೀಲಿ ಏನು ತುಂಬ್ಕೊಂಡಿದ್ದೀರಿ? ವಾರ್ಡಿನ ಧ್ವನಿವರ್ಧಕ ಕೂಗ್ತಿದೆ!”

ಎಲ್ಲರೂ ಕಿವಿಗೊಟ್ಟರು. ಇತ್ತು. ಕಂಬದ ಮೇಲಿನ ತಗಡಿನ ಬಾಯಿಯಿಂದ ಬರುವ ಅದೇ ಮೂಗುದನಿ: ‘ಬೆನ್ ಥಾಮ್ ವಾರ್ಡಿನ ನಿವಾಸಿಗಳ ಗಮನಕ್ಕೆ. ನಾಳೆ, ಹನ್ನೊಂದನೇ ತಾರೀಕು ಶುಕ್ರವಾರ, ಸಮುದಾಯ ಭವನದ ಎದುರು ನಾಯಿಗಳಿಗೆ ಹುಚ್ಚು ರೋಗದ ಲಸಿಕೆ...’

ಧ್ವನಿಮುದ್ರಣಕ್ಕೆ ಅಂಕ ಹಾಕಿದ್ದ ಇಬ್ಬರು ಪರೀಕ್ಷಕರನ್ನು ಕರೆಸಿದರು. ಮೂರು ಮೂರು ಸಲ ಕೇಳಿದ್ದೇವೆ, ಒಂದೊಂದು ಉಚ್ಚಾರವನ್ನೂ ಅಳೆದಿದ್ದೇವೆ ಎಂದರು.

“ಇದು ಕೇಳಿಸ್ಲಿಲ್ವಾ?”

ಹಿರಿಯ ಪರೀಕ್ಷಕ ಪೆಚ್ಚುಪೆಚ್ಚಾಗಿ, “ಅದಾ? ಅದು ದಿನಾ ಇರೋದೇ ಅಲ್ವಾ ಸಾಹೇಬ್ರೆ” ಎಂದ.

ನಿಜವೇ. ಬೆಳಗಿನ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಕೂಗುವ ಆ ಪೆಟ್ಟಿಗೆಯ ಕೆಳಗೆ ಹುಟ್ಟಿ ಬೆಳೆದವರ ಕಿವಿಗೆ ಅದು ಬೀಳುವುದಿಲ್ಲ. ತಮ್ಮ ಉಸಿರು ತಮಗೆ ಕೇಳದ ಹಾಗೆ. ಲಾಮ್‌ಗೆ ಮಾತ್ರ ಅದು ಪರಮ ವೈರಿ. ಅವನ ಮಲಗುವ ಕೋಣೆಯ ಕಿಟಕಿಗೆ ಸರಿಯಾಗಿ ಒಂದು ಕಂಬವಿತ್ತು. ಅದನ್ನು ತೆಗೆಸಲು ಮೂರು ಅರ್ಜಿ ಕೊಟ್ಟು ಸೋತಿದ್ದ.

“ಪರೀಕ್ಷೆ ನಡೆದದ್ದು ಬೆಳಿಗ್ಗೆ, ಶಾಲೇಲಿ. ಬೆಳಗಿನ ಐದಕ್ಕೆ ಪ್ರಶ್ನೆಯೇ ಹೊರಬಿದ್ದಿರ್ಲಿಲ್ಲ, ಅಂದ್ರೆ ಇದು ಸಂಜೆ ಐದರದ್ದು, ಬೆನ್ ಥಾಮ್‌ನದ್ದು, ನದಿಯಾಚೆ. ಆ ಹುಡುಗಿ ಹೇಳಿದ್ದು ಸರಿ” ಎಂದು ಲಾಮ್ ಕುರ್ಚಿ ಎಳೆದು ಥಾಕ್‌ನ ಮುಂದೆ ಕೂತ. “ಈಗ ಹೇಳಿ. ಅವತ್ತು ಕಂಪ್ಯೂಟರ್ ಹತ್ತಿರ ಇದ್ದೋರು ಯಾರು?”

“ನಮ್ಮ ತಾಂತ್ರಿಕ ಸಿಬ್ಬಂದಿ.”

“ಹೆಸರು?”

ಥಾಕ್ ಕರವಸ್ತ್ರ ತೆಗೆದ. “ಅವತ್ತು... ಅವನ ಮದುವೆ. ಒಳ್ಳೆ ದಿನ ಅಂತ ಪಂಚಾಂಗ ನೋಡಿ ಗುರುವಾರವೇ ಇಟ್ಕೊಂಡಿದ್ರು. ಮಧ್ಯಾಹ್ನ ನಾವೆಲ್ಲ ಊಟಕ್ಕೆ ಹೋಗಿದ್ವಿ.”

“ಕಚೇರಿಗೆ ಕಚೇರಿಯೇ?”

“ಹೋಗ್ದೆ ಇದ್ರೆ ಚೆನ್ನಾಗಿರಲ್ಲ.”

“ಮತ್ತೆ ಕಂಪ್ಯೂಟರು?”

“ಶಾಲೆಯ ಒಬ್ಬರು ಹಿರಿಯ ಟೀಚರ್ ನೋಡ್ಕೊಂಡ್ರು. ನ್ಯಾನ್ ಅಂತ. ಮೂವತ್ತು ವರ್ಷದ ಅನುಭವ. ಧ್ವನಿಮುದ್ರಣದ ಪೆನ್‌ಡ್ರೈವ್ ಅವರ ಹತ್ತಿರ ಇತ್ತು. ಮಾರನೇ ದಿನ ಬೆಳಿಗ್ಗೆ ಮೊಹರು ಹಾಕಿದ್ವಿ.”

“ತಂಡ ತಯಾರು ಮಾಡೋ ಟೀಚರ್ ಕೈಗೇ ಪರೀಕ್ಷೆ ಕೊಟ್ಟು ಮದುವೆಮನೆ ಬಾತುಕೋಳಿ ತಿನ್ನೋಕೆ ಹೋದ್ರಿ. ಮೋಸ ಮಾಡೋಕೆ ಆಗೋದೇ ಇಲ್ಲ ಅಂದ್ರಲ್ಲ, ಈಗ ಇನ್ನೊಂದು ಸಲ ಹೇಳಿ ನೋಡೋಣ!”

ಥಾಕ್ ಚೆಲ್ಲಿದ ಚಹಾ ಒರೆಸತೊಡಗಿದ. ಪೆನ್‌ಡ್ರೈವ್ ವಶಪಡಿಸಿಕೊಂಡು, ಇಬ್ಬರು ಪರೀಕ್ಷಕರನ್ನೇ ಪಂಚರನ್ನಾಗಿಸಿ ಪಂಚನಾಮೆ ಬರೆದರು.

ಮಂಗಳವಾರ ಬೆಳಿಗ್ಗೆ ಲಾಮ್ ಮತ್ತು ತ್ವೆತ್ ಬೆನ್ ಥಾಮ್ ವಾರ್ಡ್ ಕಚೇರಿಗೆ ಹೋದರು. ಪ್ರಕಟಣೆ ಓದುವ ಮುದುಕ ಮೈಕಿನ ಧೂಳು ಒರೆಸುತ್ತಿದ್ದ. ನಾಯಿ ಲಸಿಕೆಯ ಪ್ರಕಟಣೆಯ ಬಗ್ಗೆ ಕೇಳಿದ್ದೇ ತಡ, ಅವನ ಮುಖ ಅರಳಿತು.

“ನೀವು ಕೇಳಿಸ್ಕೊಂಡ್ರಾ? ಪೂರ್ತಿ?”

“ಅರ್ಧ ಕೇಳಿದೆ. ಗುರುವಾರ ಸಂಜೆ ಓದಿದ್ದಲ್ವಾ?”

“ಹೌದು ಹೌದು. ಓದಿ ಏನು ಬಂತು? ಮಾರನೇ ದಿನ ನಾಲ್ಕೇ ನಾಯಿ ಬಂದ್ವು. ಅದ್ರಲ್ಲೊಂದು ನಂದೇ.”

“ಈ ವಾರ್ಡಲ್ಲಿ ಇಂಗ್ಲಿಷ್ ಚೆನ್ನಾಗಿ ಮಾತಾಡೋ ಹೆಣ್ಮಕ್ಕಳು ಯಾರಿದ್ದಾರೆ?”

“ಕಾಲುವೆ ಪಕ್ಕದ ಕಂಬದ ಕೆಳಗೇ ಲಿಯೆನ್ ಅಂತ ಇದ್ದಾಳೆ. ಸಣ್ಣ ಮಕ್ಕಳಿಗೆ ಮನೇಲೇ ಪಾಠ. ನಾನು ಬಾಯಿ ಬಿಟ್ರೆ ಅವಳಿಗೆ ಪಾಠ ಹಾಳಾಗುತ್ತಂತೆ. ಬೈತಾಳೆ ನಂಗೆ, ಇಂಗ್ಲಿಷಲ್ಲೇ ಬೈತಾಳೆ!”

ಲಿಯೆನ್‌ಗೆ ಇಪ್ಪತ್ತೈದರ ವಯಸ್ಸು. ಪೊಲೀಸರನ್ನು ಕಂಡು ಮಗುವಿನ ಬಟ್ಟೆ ಒಣಹಾಕುತ್ತಿದ್ದ ಕೈ ನಿಂತಿತು. ತ್ವೆತ್ ಫೋನಿನಲ್ಲಿದ್ದ ಧ್ವನಿಮುದ್ರಣ ಹಾಕಿದಳು.

“ಇದು ನಂದೇ ದನಿ. ನಿಮ್ಮ ಹತ್ರ ಹೇಗೆ ಬಂತು?”

“ನೀನು ಹೇಳು. ಯಾರಿಗೆ ಕೊಟ್ಟೆ?”

“ನಮ್ಮ ಟೀಚರ್‌ಗೆ. ನ್ಯಾನ್ ಟೀಚರ್. ಎಂಟು ವರ್ಷದ ಹಿಂದೆ ನಾನೂ ಅವರ ತಂಡದಲ್ಲಿದ್ದೆ. ಈ ತಿಂಗಳು ಹತ್ತನೇ ತಾರೀಕು ಸಂಜೆ ಸ್ಕೂಟರಲ್ಲಿ ಬಂದು, ಮಕ್ಕಳಿಗೆ ಕೇಳಿಸೋಕೆ ಒಂದು ಮಾದರಿ ಉತ್ತರ ಬೇಕು, ಹದಿನಾರು ವರ್ಷದ ಹುಡುಗಿ ಹೇಳೋ ಥರ ಹೇಳು ಅಂದ್ರು. ಹೇಳ್ದೆ. ಯಾಕೆ, ಏನಾದ್ರೂ ತಪ್ಪಾಯ್ತಾ?”

“ನಿಂದಲ್ಲ.”

“ಟೀಚರ್‌ದಾ?”

ಲಾಮ್ ಬೂಟು ಹಾಕಿಕೊಂಡ. ಲಿಯೆನ್ ಹೇಳಿಕೆಗೆ ಸಹಿ ಹಾಕಿಕೊಟ್ಟಳು.

ಬುಧವಾರ ಬಂಧನದ ಅನುಮತಿ ಸಿಗುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಎರಡೂವರೆಗೆ ಶಾಲೆ ತಲುಪಿದರು. ಮೂರನೇ ಮಹಡಿಯಲ್ಲಿ ತಂಡದ ತರಗತಿ ನಡೆಯುತ್ತಿತ್ತು. ಹತ್ತು ಕುರ್ಚಿಗಳಲ್ಲಿ ಒಂದು ಖಾಲಿ. ಖ್ವೇ ಸೋಮವಾರದಿಂದ ಬಂದಿರಲಿಲ್ಲ. ಲಾಮ್ ಗಂಟೆ ಹೊಡೆಯುವವರೆಗೂ ಹೊರಗೆ ಅತ್ತಿಂದಿತ್ತ ಶತಪಥ ಹಾಕಿದ. ಮಕ್ಕಳೆದುರು ಕೈಗೆ ಬೇಡಿ ಬೇಡ ಎಂದು ತ್ವೆತ್ ಕೇಳುವ ಮೊದಲೇ ಅದನ್ನು ಜೀಪಿನಲ್ಲಿ ಬಿಟ್ಟು ಬಂದಿದ್ದ.

ನ್ಯಾನ್ ಟೀಚರ್‌ಗೆ ಐವತ್ತನಾಲ್ಕು ವರ್ಷ. ಸಣ್ಣ ಮೈ, ಸೀಮೆಸುಣ್ಣ ಹತ್ತಿದ ಬೆರಳು. ಖಾಲಿ ತರಗತಿಯಲ್ಲಿ ಎದುರುಬದುರು ಕೂತರು.

“ಹತ್ತನೇ ತಾರೀಕು ಸಂಜೆ ಎಲ್ಲಿದ್ರಿ ಟೀಚರ್?”

“ಲಿಯೆನ್ ಮನೇಲಿ. ನಿಮಗೆ ಗೊತ್ತಿದ್ದೇ ಕೇಳ್ತಿದ್ದೀರಿ.”

“ಹುಡುಗಿಯ ಧ್ವನಿಮುದ್ರಣ ತೆಗೆದು ಲಿಯೆನ್‌ದು ಹಾಕಿದ್ದು ನೀವೇನಾ?”

“ನಾನೇ.”

“ಹುಡುಗಿ ಕೇಳ್ಕೊಂಡ್ಲಾ? ಅವಳಮ್ಮ ಏನಾದ್ರೂ ಕೊಟ್ಟಳಾ?”

“ಥೂ! ಇಂಥ ಮಾತು ಆಡ್ಬೇಡಿ. ಅಕ್ಕಿ ರೊಟ್ಟಿ ಮಾರೋ ಹೆಂಗಸು ಅವಳು. ಅವಳಿಗೇನೂ ಗೊತ್ತಿಲ್ಲ.” ಟೀಚರ್ ಬೆರಳಿನ ಸೀಮೆಸುಣ್ಣ ಒರೆಸಿಕೊಂಡರು. “ದೂರು ಕೊಟ್ಟಿದ್ದು ಖ್ವೇನೇ ಅಲ್ವಾ?”

ಲಾಮ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ.

“ಕತ್ತೆ! ಬಾಯಿ ಬಿಡಬೇಕಾದ ಕಡೆ ಬಿಡಲ್ಲ, ಬಿಡಬಾರದ ಕಡೆ ಬಿಡ್ತಾಳೆ” ಎಂದು ಟೀಚರ್ ಮುಖ ತಿರುಗಿಸಿದರು. ಬೈದ ದನಿಯಲ್ಲಿ ಸಿಟ್ಟು ಕಡಿಮೆ ಇತ್ತು.

ಠಾಣೆಯಲ್ಲಿ ಕೊಟ್ಟ ಹೇಳಿಕೆ ಉದ್ದವಾಗಿರಲಿಲ್ಲ. ನ್ಯಾನ್ ಕಲಿತದ್ದು ರಷ್ಯನ್. ಅದರಲ್ಲೇ ಚಿನ್ನದ ಪದಕ. ತೊಂಬತ್ತರ ದಶಕದಲ್ಲಿ ಆ ಭಾಷೆಯನ್ನು ಕೇಳುವವರೇ ಇಲ್ಲದೆ, ಅವರಂಥ ನೂರಾರು ಟೀಚರುಗಳನ್ನು ಸಂಜೆ ತರಗತಿಗೆ ಕೂರಿಸಿ ಇಂಗ್ಲಿಷಿಗೆ ಹೊರಳಿಸಿದರು. ಅವರು ಕಲಿತರು. ಕಲಿಸಿದರು. ಅವರ ಎಂಟು ಶಿಷ್ಯರು ರಾಷ್ಟ್ರಮಟ್ಟದ ಬಹುಮಾನ ತಂದರು. ಕೆಲವು ವರ್ಷಗಳ ಹಿಂದೆ ಟೀಚರುಗಳಿಗೂ ಪರೀಕ್ಷೆ ಬಂತು. ಅದೇ ಕೋಣೆ, ಅದೇ ಮೈಕು, ಅದೇ ಕೆಂಪು ದೀಪ.

“ಎದುರಿಗೆ ಮುಖ ಇದ್ರೆ ಎಷ್ಟು ಬೇಕಾದ್ರೂ ಮಾತಾಡ್ತೀನಿ. ಅಲ್ಲಿ ಮುಖ ಇರ್ಲಿಲ್ಲ. ಒಂದಕ್ಷರ ಬರ್ಲಿಲ್ಲ. ಸೊನ್ನೆ ಕೊಟ್ರು. ಸೊನ್ನೇನ ಸಭೇಲಿ ಎಲ್ಲರ ಮುಂದೆ ಓದಿದ್ರು. ಹಿಂದಿನ ಸಾಲಿನಲ್ಲಿ ಯಾರೋ, ರಷ್ಯನಲ್ಲಿ ಕೇಳ್ಬೇಕಿತ್ತು ಅಂದ್ರು. ಎಲ್ರೂ ನಕ್ಕರು.”

ತ್ವೆತ್ ಟೈಪ್ ಮಾಡುತ್ತಿದ್ದಳು.

“ಅವತ್ತು ಮಧ್ಯಾಹ್ನ ಕಚೇರಿಯೋರು ಮದುವೆಗೆ ಹೋದ್ರಲ್ಲ, ನಾನು ಒಬ್ಬಳೇ ಕೂತು ಎಲ್ಲರ ದನಿ ಸರಿಯಾಗಿ ದಾಖಲಾಗಿದೆಯಾ ನೋಡ್ತಿದ್ದೆ. ಖ್ವೇದು ಹಾಕಿದೆ. ಐದು ನಿಮಿಷವೂ ಬರೀ ಉಸಿರು. ಒಳಗೆ ಎಳ್ಕೊಳ್ಳೋದು, ನಿಲ್ಲಿಸೋದು, ಮತ್ತೆ ಎಳ್ಕೊಳ್ಳೋದು. ಆ ಉಸಿರು ನಂಗೆ ಗೊತ್ತು ಸಾಹೇಬ್ರೆ. ಇನ್ನೊಬ್ಬರು ಅದನ್ನ ಕೇಳಿ ಸೊನ್ನೆ ಹಾಕೋದು ನಂಗೆ ಬೇಡವಾಗಿತ್ತು. ಅಷ್ಟೆ.”

“ಙಾನ್ ಕೂಡ ನಿಮ್ಮ ಶಿಷ್ಯೆಯೇ.”

ಟೀಚರ್ ತಲೆ ತಗ್ಗಿಸಿದರು. ಆಮೇಲೆ ಸಹಿ ಹಾಕಿದರು. ಕರ್ತವ್ಯದಲ್ಲಿದ್ದಾಗ ಪರೀಕ್ಷಾ ದಾಖಲೆ ತಿದ್ದಿದ ಆರೋಪದ ಮೇಲೆ ಸಂಜೆ ಆರು ಗಂಟೆಗೆ ಬಂಧನ ದಾಖಲಾಯಿತು. ಥಾಕ್ ಮೇಲೂ ಕರ್ತವ್ಯಲೋಪದ ವರದಿ ಹೋಯಿತು. ಅದನ್ನು ಲಾಮ್ ತನ್ನ ಕೈಯಾರೆ, ಒತ್ತಿ ಒತ್ತಿ ಬರೆದ.

ಶುಕ್ರವಾರ ಬೆಳಿಗ್ಗೆ ಙಾನ್ ಹೆಸರಿದ್ದ ಪಟ್ಟಿ ಹನೋಯ್‌ಗೆ ಹೋಯಿತು. ಮಧ್ಯಾಹ್ನ ಖ್ವೇ ತನ್ನ ಕೊನೆಯ ಹೇಳಿಕೆಗೆ ಸಹಿ ಹಾಕಲು ಠಾಣೆಗೆ ಬಂದಳು. ಸಹಿ ಹಾಕಿದ ಮೇಲೂ ಏಳಲಿಲ್ಲ.

“ಟೀಚರ್ ಅಂತ ನಂಗೆ ಗೊತ್ತಿರ್ಲಿಲ್ಲ ಚಿಕ್ಕಪ್ಪ.”

“ಗೊತ್ತಿದ್ರೆ ಬರ್ತಿರ್ಲಿಲ್ವಾ?”

ಅವಳು ಪೆನ್ನಿನ ಮುಚ್ಚಳ ಹಾಕಿದಳು. “ಬರ್ತಿದ್ದೆ. ಆದ್ರೆ ಇನ್ನೂ ನಿಧಾನವಾಗಿ ಬರ್ತಿದ್ದೆ.”

ಲಾಮ್‌ಗೆ ಸಮಾಧಾನದ ಮಾತು ಬರುವುದಿಲ್ಲ. ಕಡತ ಮುಚ್ಚಿದ, ತೆರೆದ. “ಅಷ್ಟಕ್ಕೂ ಅವತ್ತು ಆ ಕಂಪ್ಯೂಟರು ಕೇಳಿದ್ದೇನು?” ಎಂದ.

“ನಿಮಗೆ ಏನನ್ನಾದ್ರೂ ಕಲಿಸಿದ ಒಬ್ಬರ ಬಗ್ಗೆ ಹೇಳಿ ಅಂತ.”

“ಹೇಳು ಮತ್ತೆ.”

“ಈಗಾ? ಇಂಗ್ಲಿಷಲ್ಲಾ? ನಿಮಗೆ ಅರ್ಥ ಆಗಲ್ವಲ್ಲ.”

“ಆಗದೆ ಇದ್ರೆ ನಿಂಗೇನು ಕಷ್ಟ? ಹೇಳು.”

ಖ್ವೇ ಅವನ ಮುಖ ನೋಡಿದಳು. ಉಸಿರೆಳೆದುಕೊಂಡಳು. ನಿಲ್ಲಿಸಿದಳು. ಮತ್ತೆ ಎಳೆದುಕೊಂಡಳು. ಆಮೇಲೆ ಒಂದು ವಾಕ್ಯ ಬಂತು. ಇನ್ನೊಂದು ಬಂತು. ತಡವರಿಸುತ್ತ, ಹಿಂದೆ ಹೋಗಿ ತಿದ್ದಿಕೊಳ್ಳುತ್ತ ಮಾತಾಡಿದಳು. ಲಿಯೆನ್‌ಳ ಹಾಗೆ ಹರಿಯುವ ಮಾತಾಗಿರಲಿಲ್ಲ ಅದು. ತ್ವೆತ್ ಟೈಪ್ ಮಾಡುವುದನ್ನು ನಿಲ್ಲಿಸಿದ್ದಳು. ಲಾಮ್‌ಗೆ ಒಂದು ಪದವೂ ತಿಳಿಯಲಿಲ್ಲ. ನಡುವೆ ಎರಡು ಸಲ ನ್ಯಾನ್ ಎಂಬ ಹೆಸರು ಮಾತ್ರ ಕಿವಿಗೆ ಬಿತ್ತು. ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಅವನು ನೋಡದೆಯೇ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಅವಳು ಮುಗಿಸುವವರೆಗೂ ಅವಳ ಮುಖದಿಂದ ಕಣ್ಣು ತೆಗೆಯದೆ ಕೂತಿದ್ದ.