ಜಾಮೀನಿನ ಸಹಿ

"ಈ ಕಾಗದಕ್ಕೆ ನೀವು ಸಹಿ ಹಾಕಿದ ದಿನ ನಾನು ಈ ಮನೇಲಿರಲ್ಲ, ಹೇಳಿದೀನಿ!"

ಅತ್ತಿಗೆ ಲೋಟ ಕುಕ್ಕಿದ ರಭಸಕ್ಕೆ ನೀರು ಚೆಲ್ಲಿ ಓದಿನ ಸಾಲದ ಅರ್ಜಿಯ ಅಂಚು ಒದ್ದೆಯಾಯಿತು. ತಂಗಿಗೆ ಜಾಮೀನಾಗಲು ಹೊರಟಿದ್ದ ಅಣ್ಣ ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಲಿಫ್ಟ್ ರಿಪೇರಿ ಮಾಡುವವನು ಅವನು. ಹತ್ತು ಮಹಡಿ ಎತ್ತರದಲ್ಲಿ ತೂಗಾಡುವಾಗಲೂ ಹೆದರದವನು ಹೆಂಡತಿಯ ದನಿ ಕೇಳಿ ಪೆನ್ನಿಗೆ ಮುಚ್ಚಳ ಹಾಕಿದ.

"ಒಂಬತ್ತು ಲಕ್ಷ! ಅದೂ ಯಾತಕ್ಕೆ? ಸಮಾಜಸೇವೆ ಕಲಿಯೋದಕ್ಕೆ! ಸೇವೆ ಮಾಡೋಕೆ ಯಾರಾದ್ರೂ ಸಾಲ ಮಾಡ್ತಾರಾ?"

"ಅದು ಬರೀ ಸೇವೆ ಅಲ್ಲ ಅತ್ತಿಗೆ, ಕೆಲಸ..." ಎಂದಳು ಪುಟ್ಟಿ. ಇಪ್ಪತ್ನಾಲ್ಕು ತುಂಬಿದ್ದರೂ ಮನೆಯವರಿಗೆಲ್ಲ ಅವಳು ಪುಟ್ಟಿಯೇ. ಆಸ್ಪತ್ರೆಯ ಹೊರರೋಗಿಗಳ ಕೌಂಟರಿನಲ್ಲಿ ಚೀಟಿ ಬರೆಯುವ ಕೆಲಸ, ಹದಿನೇಳು ಸಾವಿರ ಸಂಬಳ. ಕಳೆದ ವರ್ಷ ಗುಣವಾದ ಮುದುಕನೊಬ್ಬ ಕರೆದೊಯ್ಯುವವರಿಲ್ಲದೆ ಅವಳ ಕೌಂಟರಿನೆದುರು ಎರಡು ದಿನ ಬೆಂಚಿನ ಮೇಲೆ ಕೂತಿದ್ದ. ಎಲ್ಲರೂ ಅವನನ್ನು ದಾಟಿಕೊಂಡು ಓಡಾಡಿದರು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಮಾತ್ರ ಪಕ್ಕದಲ್ಲಿ ಕೂತು, ಒಂದೊಂದೇ ಮಾತು ಹೊರಡಿಸಿ, ಮುನಿಸಿಕೊಂಡು ದೂರವಾಗಿದ್ದ ಮಗಳನ್ನು ಹುಡುಕಿ ಕರೆಸಿದರು. ಆವತ್ತೇ ಪುಟ್ಟಿಗೆ ತನ್ನ ದಾರಿ ಗೊತ್ತಾಗಿತ್ತು. ಖಾಸಗಿ ವಿಶ್ವವಿದ್ಯಾಲಯ, ಎರಡು ವರ್ಷ, ಹಾಸ್ಟೆಲ್. ಅಲ್ಲಿ ತನ್ನದೇ ಒಂದು ಕಿಟಕಿ ಇರುತ್ತದೆ, ಅತ್ತಿಗೆಯ ದನಿ ಇರುವುದಿಲ್ಲ ಎಂಬ ಆಸೆಯೂ ಒಳಗೊಳಗೇ ಇತ್ತೆನ್ನಿ.

"ಇಬ್ಬರೂ ಸ್ವಲ್ಪ ಸುಮ್ಮನಿರ್ರಮ್ಮ," ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅಣ್ಣ ಸಹಿ ಹಾಕದೆ ಎದ್ದು ಹೋದ.

ಮರುದಿನ ಊಟದ ಹೊತ್ತಿಗೆ ಪುಟ್ಟಿ ಆ ಸಮಾಜ ಕಾರ್ಯಕರ್ತೆಯ ಕೋಣೆಗೆ ಹೋಗಿ, ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು: "ಮೇಡಂ, ನಿಮಗೆ ಸಂಬಳ ಎಷ್ಟು?"

ಅವರು ನಕ್ಕರು. "ಹನ್ನೊಂದು ವರ್ಷ ದುಡಿದ ಮೇಲೆ ಮೂವತ್ತೊಂದು ಸಾವಿರ. ಶುರುವಿಗೆ ನಿನಗೆ ಇಪ್ಪತ್ತು ಕೊಟ್ಟಾರು. ಸಾಲದ ಕಂತು ಎಷ್ಟು?"

"ಹದಿನೈದು... ಏಳು ವರ್ಷ."

"ಉಳಿದ ಐದರಲ್ಲಿ ಬಸ್ಸಿಗೆ ಹೋಗ್ತೀಯೋ, ಊಟ ಮಾಡ್ತೀಯೋ? ಸರ್ಕಾರಿ ಕಾಲೇಜಲ್ಲಿ ಸಂಜೆ ತರಗತಿ ಇದೆ. ಮೂರು ವರ್ಷ ಆಗತ್ತೆ, ಎಲ್ಲಾ ಸೇರಿ ಅರವತ್ತು ಸಾವಿರ ದಾಟಲ್ಲ. ಗೋಡೆ ಸುಣ್ಣ ಕಂಡಿಲ್ಲ, ಫ್ಯಾನು ಕಿರುಗುಟ್ಟತ್ತೆ. ಪಾಠ ಅದೇ. ನಾನೂ ಅಲ್ಲೇ ಓದಿದ್ದು."

ಪುಟ್ಟಿ ಮನಸ್ಸಿನಲ್ಲೇ ಇನ್ನೊಮ್ಮೆ ಕೂಡಿ ಕಳೆದಳು. ಲೆಕ್ಕ ಸರಿಯಾಗಿತ್ತು. ಹಾಸ್ಟೆಲಿನ ಕಿಟಕಿ ಅಲ್ಲೇ ಮುಚ್ಚಿಕೊಂಡಿತು.

ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಒಬ್ಬಳೇ ಪಾತ್ರೆ ಉಜ್ಜುತ್ತಿದ್ದಳು. ಪುಟ್ಟಿ ಪಕ್ಕದಲ್ಲಿ ನಿಂತು ತೊಳೆದದ್ದನ್ನು ಒರೆಸತೊಡಗಿದಳು.

"ನೀವು ಹೇಳಿದ್ದೇ ಸರಿ ಅತ್ತಿಗೆ. ಆ ಸಾಲ ಬೇಡ ಅಂದ್ಕೊಂಡೆ. ಆದ್ರೆ... ಮನೆ ಬಿಟ್ಟು ಹೋಗ್ತೀನಿ ಅನ್ನೋಷ್ಟು ಸಿಟ್ಟು ಯಾಕೆ ಬಂತು?"

ಅತ್ತಿಗೆಯ ಕೈ ನಿಂತಿತು. ಪುಟ್ಟಿ ಆತುರಪಡಿಸದೆ ಇನ್ನೊಂದು ತಟ್ಟೆ ಒರೆಸಿದಳು.

"ನಾನು ಓದಿದ್ದು ಗ್ರಂಥಾಲಯದ ಕೋರ್ಸು, ಗೊತ್ತಲ್ಲ? ಅದಕ್ಕೆ ಐದು ಲಕ್ಷ ಸಾಲ. ಅಪ್ಪ ಜಾಮೀನು. ಕೆಲಸ ಸಿಗಲಿಲ್ಲ... ಬಟ್ಟೆ ಅಂಗಡಿ ಗಲ್ಲಾದಲ್ಲಿ ಕೂತೆ, ಇವತ್ತಿಗೂ ಅಲ್ಲೇ. ಬ್ಯಾಂಕಿನವರು ಬಾಗಿಲಿಗೆ ಬಂದು ಕೂಗಾಡಿದಾಗ ಅಪ್ಪ ನೆರೆಯವರೆಲ್ಲರ ಮುಂದೆ ಕೈಕಟ್ಟಿ ನಿಂತಿದ್ರು ಕಣೇ! ಆಮೇಲೆ ಅವರು ತಲೆಯೆತ್ತಿ ಬೀದೀಲಿ ನಡೀಲೇ ಇಲ್ಲ..." ಅವಳ ದನಿ ಒಡೆಯಿತು. "ನಮ್ಮಮ್ಮನಿಗೆ ಕಳಿಸ್ತೀನಿ ಅಂತ ನಿಮ್ಮಣ್ಣನಿಗೆ ಸುಳ್ಳು ಹೇಳಿ, ಆ ಸಂಬಳದಲ್ಲೇ ಆರು ವರ್ಷದಿಂದ ಕಂತು ಕಟ್ತಿದೀನಿ. ನಾಳೆ ನಿಮ್ಮಣ್ಣನೂ ಹಾಗೆ ನಿಲ್ಲೋದನ್ನ ನೋಡೋಕೆ ನನ್ನ ಕೈಲಾಗಲ್ಲ!"

ಇಷ್ಟು ದಿನ ಗಯ್ಯಾಳಿ, ಜಿಪುಣಿ ಎಂದೆಲ್ಲ ಬೈದುಕೊಂಡಿದ್ದ ಅತ್ತಿಗೆಯ ಸೋಪಿನ ಕೈಗಳನ್ನು ಪುಟ್ಟಿ ಹಾಗೇ ಹಿಡಿದುಕೊಂಡಳು. ಇಬ್ಬರೂ ಅತ್ತರು. ಆಮೇಲೆ ಪುಟ್ಟಿ ಮೆಲ್ಲಗೆ, "ಅಣ್ಣನಿಗೆ ನೀವೇ ಹೇಳಿ. ನಾನು ಪಕ್ಕದಲ್ಲಿರ್ತೀನಿ," ಎಂದಳು.

ಅಣ್ಣ ಎಲ್ಲವನ್ನೂ ಕೇಳಿದ. ಅತ್ತಿಗೆ ಬೈಗುಳಕ್ಕೆ ಕಾದು ನಿಂತಿದ್ದಳು. ಅವನು ಅಂದದ್ದು ಇಷ್ಟೇ: "ಆರು ವರ್ಷ ಒಬ್ಬಳೇ ಹೊತ್ಕೊಂಡಿದ್ದೆಯಲ್ಲೇ... ನನಗ್ಯಾಕೆ ಹೇಳಲಿಲ್ಲ?"

ಆ ತಿಂಗಳಿಂದ ಕಂತಿನ ಅರ್ಧ ಅವನ ಸಂಬಳದಿಂದ ಹೋಯಿತು. ಪುಟ್ಟಿ ಸಂಜೆ ಕಾಲೇಜಿಗೆ ಸೇರಿದಳು. ಹಗಲೆಲ್ಲ ಚೀಟಿ ಬರೆದು ಬಂದವಳು ಎಷ್ಟೋ ಸಲ ಪಾಠದ ನಡುವೆ ತೂಕಡಿಸಿದಳು. ಒಂದು ವಿಷಯದಲ್ಲಿ ನಪಾಸಾಗಿ ಮತ್ತೆ ಬರೆದಳು. ಅವಳ ಪಾಲಿನ ಮನೆಗೆಲಸವನ್ನು ಅತ್ತಿಗೆ ಗೊಣಗುತ್ತಲೇ ಮಾಡಿದಳು. ಗೊಣಗುವುದು ಅವಳ ಜಾಯಮಾನ, ಹುಟ್ಟುಗುಣ ಎಲ್ಲಿಗೆ ಹೋದೀತು!

ಮೂರು ವರ್ಷ ಮುಗಿದ ಮೇಲೆ ಪುಟ್ಟಿಗೆ ಬೇರೊಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತೊಂದು ಸಾವಿರ, ಅದೂ ವರ್ಷದ ಗುತ್ತಿಗೆಯ ಮೇಲೆ.

ಅವಳು ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ಪಕ್ಕದ ಮನೆಯಾಕೆ ಗೇಟಿನ ಬಳಿ ಅತ್ತಿಗೆಯನ್ನು ತಡೆದು ನಿಲ್ಲಿಸಿದಳು.

"ನಿಮ್ಮ ನಾದಿನಿಗೆ ಕೆಲಸ ಆಯ್ತಂತಲ್ಲ! ಅಷ್ಟು ಓದಿದಾಳೆ, ಸಂಬಳ ಎಷ್ಟಂತೆ?"

ಬೀದಿಯ ತಿರುವಿನಲ್ಲಿ ಮರೆಯಾಗುತ್ತಿದ್ದ ಪುಟ್ಟಿಯನ್ನೇ ನೋಡುತ್ತ ಅತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಸಾಲ ಇಲ್ಲ ರೀ!"