ಬಳೆಗಾರ ಅಂಕಣ್ಣ ಸಾಕಿದ ಬೆಕ್ಕು

ಎಷ್ಟೋ ತಲೆಮಾರುಗಳ ಹಿಂದೆ, ಏಳು ಕೆರೆಗಳ ನಡುವೆ ಹೊಳಲೂರು ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲವೂ ಇತ್ತು, ಬೆಕ್ಕು ಮಾತ್ರ ಇರಲಿಲ್ಲ.

ಮೊದಲು ಬೇಕಾದಷ್ಟು ಇದ್ದವು. ಜನ ಮರಿ ಮುದ್ದಾಗಿದೆಯೆಂದು ಮನೆಗೆ ತರುತ್ತಿದ್ದರು. ಅದು ಬೆಳೆದು ಹಾಲು ಚೆಲ್ಲಿತೆಂದೋ ಹಾಸಿಗೆ ಹರಿಯಿತೆಂದೋ ಊರಾಚೆ ಬಿಟ್ಟು ಬರುತ್ತಿದ್ದರು. ಊರಾಚೆಯ ಕರಿಬೆಟ್ಟದಲ್ಲಿ ಹೊಗೆನಾಥನೆಂಬ ಮಾಂತ್ರಿಕನಿದ್ದ. ಜನ ಕೈಬಿಟ್ಟ ಬೆಕ್ಕನ್ನು ಮಾತ್ರ ಅವನು ಮುಟ್ಟಬಲ್ಲವನಾಗಿದ್ದ. ಅಂಥದ್ದು ಸಿಕ್ಕಿದರೆ ಅದರ ಗುರುಗುರು ಸದ್ದನ್ನು ಹೀರಿ, ಅದನ್ನು ಕಲ್ಲು ಮಾಡಿ, ತನ್ನ ಕೋಟೆಗೋಡೆಯ ಮೇಲೆ ಕೂರಿಸುತ್ತಿದ್ದ. ಒಂದೊಂದು ಬೆಕ್ಕಿಗೂ ಅವನ ಆಯುಸ್ಸು ಹತ್ತು ವರ್ಷ ಹೆಚ್ಚುತ್ತಿತ್ತು. ಹೀಗೆ ತೊಂಬತ್ತೊಂಬತ್ತು ಬೆಕ್ಕುಗಳು ಕಲ್ಲಾದವು. ನೂರನೆಯದೂ ಸಿಕ್ಕಿಬಿಟ್ಟರೆ ಅವನಿಗೆ ಸಾವೇ ಇರಲಿಲ್ಲ.

ಬೆಕ್ಕುಗಳು ಹೋದಮೇಲೆ ಇಲಿಗಳು ಕಣಜ ತಿಂದವು, ರಾಣಿಯ ರೇಷ್ಮೆ ತಿಂದವು, ಊಟ ಮುಗಿಸಿ ಅಡ್ಡಾಗಿದ್ದ ಮಹಾರಾಜರ ಎಡಮೀಸೆಯನ್ನೂ ತಿಂದವು.

ಉಳಿದದ್ದು ಒಂದೇ ಬೆಕ್ಕು. ಬೂದಿಬಣ್ಣದ ಮೈಯ ಆ ಬೆಕ್ಕಿನ ಹೆಸರು ಸಾಸಿವೆ. ಬಿಳಿಗುಡ್ಡದ ಹೊಂಬಾಳಜ್ಜಿ ಅದನ್ನು ಸಾಕಿಕೊಂಡಿದ್ದಳು. ಅಜ್ಜಿಗೆ ಮಂತ್ರದ ಮರ್ಮ ಗೊತ್ತಿತ್ತು. ಬೆಕ್ಕುಗಳನ್ನು ಕೈಬಿಟ್ಟ ಊರಿನವರೇ ಒಬ್ಬರು ಸಾಸಿವೆಯನ್ನು ಮನೆಗೆ ಕರೆದೊಯ್ದು ಒಂದು ವರ್ಷ ಸಾಕಿದರೆ ಮಾಂತ್ರಿಕನ ಮಾಯೆ ಮುರಿಯುತ್ತದೆ. ನಡುವೆ ಕೈಬಿಟ್ಟರೆ ಸಾಸಿವೆ ಅವನ ಪಾಲಾಗುತ್ತಾಳೆ.

ಈ ಸುದ್ದಿ ಊರಿಗೆ ತಿಳಿದು ಮೊದಲು ಯುವರಾಜ ಬಂದ. ಬೆಳ್ಳಿಬಟ್ಟಲು ತೋರಿಸಿ, ಸಾಸಿವೆಯನ್ನು ಸಾಕಲು ತಾನು ಸಿದ್ಧ ಎಂದ. ಬೆಕ್ಕಿನ ಹೇಲು ಬಳಿಯುವವರು ಯಾರು ಎಂದು ಅಜ್ಜಿ ಕೇಳಿದಳು. ಆಳುಗಳಿದ್ದಾರೆ ಎಂದ. ಅಜ್ಜಿ ಅವನನ್ನು ವಾಪಸು ಕಳಿಸಿದಳು. ಆಮೇಲೆ ಸೇನಾಪತಿ ಬಂದು, ತಾನೂ ಸಿದ್ಧ ಎಂದ. ಅಷ್ಟರಲ್ಲಿ ಸಾಸಿವೆ ಅವನ ಮೊಣಕೈ ಪರಚಿದಳು. ಅವನ ಕೈ ಕತ್ತಿಯ ಹಿಡಿಗೆ ಹೋಯಿತು. ಅವನೂ ಗುಡ್ಡ ಇಳಿದ.

ಮೂರನೆಯವನು ಅಂಕಣ್ಣ. ಊರೂರು ಸುತ್ತಿ ಬಳೆ ತೊಡಿಸುವ ಯುವಕ, ಒಬ್ಬಂಟಿ. ಅಜ್ಜಿಗೆ ಬಳೆ ತೊಡಿಸಲು ಬಂದವನ ತೊಡೆಯೇರಿ ಸಾಸಿವೆ ನಿದ್ದೆ ಹೋದಳು. ಅವನ ಕಾಲು ಜೋಮು ಹಿಡಿಯಿತು, ಆದರೂ ಅಲುಗಲಿಲ್ಲ. ವಾರದಲ್ಲಿ ಎಷ್ಟು ದಿನ ಮನೆಯಲ್ಲಿರುತ್ತೀ ಎಂದು ಅಜ್ಜಿ ಕೇಳಿದಳು. ಎರಡು ದಿನ ಎಂದ. ಇದನ್ನು ಸಾಕುತ್ತೀಯಾ ಎಂದಳು ಅಜ್ಜಿ. ಅಂಕಣ್ಣ ಬೆಕ್ಕಿನ ಬೆನ್ನು ಸವರುತ್ತಾ ಯೋಚಿಸಿದ.

"ಉಳಿದ ಐದು ದಿನ ಇದು ಬಾಗಿಲು ನೋಡ್ತಾ ಕೂತಿರುತ್ತೆ ಅಜ್ಜಿ. ನನ್ನ ಕೈಲಾಗಲ್ಲ," ಎಂದು ಅದನ್ನು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಿ ಹೊರಟುಹೋದ.

ಹೋದನೇನೋ ನಿಜ, ಆದರೆ ಬೆಕ್ಕು ಅವನ ತಲೆಯಿಂದ ಹೋಗಲಿಲ್ಲ. ಯಾವ ಊರಿನ ಜಗಲಿಯಲ್ಲಿ ಕೂತರೂ ತೊಡೆ ಖಾಲಿ ಎನಿಸುತ್ತಿತ್ತು. ಕೊನೆಗೆ ತಿರುಗಾಟ ಬಿಟ್ಟು ತನ್ನ ಮನೆಯ ಮುಂದೆಯೇ ಬಳೆಯಂಗಡಿ ಹಾಕಿದ. ಬೆಕ್ಕು ಹೇಲಲೆಂದು ಒಂದು ಮೂಲೆಗೆ ಮರಳಿನ ಬಾನಿ ಇಟ್ಟ. ತನಗೇನಾದರೂ ಜ್ವರ ಬಂದರೆ ಬೆಕ್ಕಿಗೆ ಅನ್ನ ಹಾಕುತ್ತೀಯಾ ಎಂದು ಪಕ್ಕದ ಮನೆಯ ನೀಲಾಂಬೆಯನ್ನು ಕೇಳಿದ. ಮೇಕೆ ಸಾಕಿಕೊಂಡಿದ್ದ ಅವಳು, ಇಲ್ಲದ ಬೆಕ್ಕಿಗೆ ಇಷ್ಟೊಂದು ಏರ್ಪಾಟೇ ಎಂದು ನಕ್ಕಳು, ಆದರೆ ಒಪ್ಪಿಕೊಂಡಳು.

ಆರು ತಿಂಗಳ ಮೇಲೆ ಅಂಕಣ್ಣ ಮತ್ತೆ ಗುಡ್ಡ ಹತ್ತಿದ. ಈಗ ಸಿದ್ಧನೇ ಎಂದು ಅಜ್ಜಿ ಕೇಳಿದಳು.

"ಸಿದ್ಧನೋ ಅಲ್ಲವೋ ಸರಿಯಾಗಿ ಗೊತ್ತಿಲ್ಲ. ಮಾಡಬೇಕಾದ್ದು ಏನು ಅಂತ ಗೊತ್ತು. ಅದು ಇರೋವಷ್ಟು ದಿನ ಮಾಡ್ತೀನಿ."

ಅಜ್ಜಿ ಸಾಸಿವೆಯನ್ನು ಎತ್ತಿ ಅವನ ಬುಟ್ಟಿಯಲ್ಲಿಟ್ಟಳು.

ಸುದ್ದಿ ತಿಳಿದ ಹೊಗೆನಾಥ ಗಡ್ಡ ನೀವಿಕೊಂಡ. ಈ ಬಳೆಗಾರನ ಕೈ ಬಿಡಿಸುವುದು ಎಷ್ಟರ ಕೆಲಸ ಎಂದುಕೊಂಡ.

ಮೊದಲ ಸಲ ರಾಜದೂತನ ವೇಷದಲ್ಲಿ ಬಂದ. ಪಕ್ಕದ ರಾಜ್ಯದಲ್ಲಿ ಸಾವಿರ ಮದುವೆ ಒಟ್ಟಿಗೇ ನಡೆಯುತ್ತಿದೆ, ಬಳೆ ತೊಡಿಸಲು ಈಗಲೇ ಹೊರಡಬೇಕು, ಒಂದು ತಿಂಗಳ ಕೆಲಸ, ಬೆಕ್ಕನ್ನು ಬಯಲಿಗೆ ಬಿಟ್ಟರೆ ತಾನೇ ಬದುಕಿಕೊಳ್ಳುತ್ತದೆ ಎಂದ. ಜೀವಮಾನದಲ್ಲಿ ಒಮ್ಮೆ ಬರುವ ಕರೆ ಅದು. ಅಂಕಣ್ಣ ಹೊಸ್ತಿಲ ಮೇಲೆ ಬಹಳ ಹೊತ್ತು ಕೂತ. ಆಮೇಲೆ ಬೇರೆ ಬಳೆಗಾರರ ಮನೆಗಳನ್ನು ತೋರಿಸಿ, ಮೀನು ಬೇಯಿಸಲು ಒಳಗೆ ಹೋದ.

ಎರಡನೆಯ ಸಲ ಮಾಂತ್ರಿಕ ಪತಂಗವಾಗಿ ಬಂದ. ಬಳೆ ಜೋಡಿಸಿದ್ದ ಹಲಗೆಗಳ ನಡುವೆ ಪಟಪಟ ಹಾರಿದ. ಸಾಸಿವೆ ಮೊದಲ ಹಲಗೆಗೆ ನೆಗೆದಳು, ಎರಡನೆಯದಕ್ಕೆ ನೆಗೆದಳು, ಮೂರನೆಯದಕ್ಕೆ ನೆಗೆದಾಗ ಅಂಗಡಿಗೆ ಅಂಗಡಿಯೇ ನೆಲಕ್ಕೆ ಬಿತ್ತು. ರಾಣಿಗಾಗಿ ಮೂರು ತಿಂಗಳು ಕೂತು ಮಾಡಿದ್ದ ನವಿಲುಬಣ್ಣದ ಬಳೆಗಳೂ ಚೂರಾದವು. ಆಗಲೇ ದಾರಿಹೋಕನೊಬ್ಬ ಇಣುಕಿ, ಇಂಥ ಹಾಳು ಬೆಕ್ಕು ನಿನಗೇಕೆ, ಇತ್ತ ಎಸೆ ಎಂದ. ಪತಂಗವೇ ದಾರಿಹೋಕನಾಗಿತ್ತು.

ಅಂಕಣ್ಣನಿಗೆ ಸಿಟ್ಟು ನೆತ್ತಿಗೇರಿತ್ತು. ಬೈಯಲು ಬಾಯಿ ತೆರೆದ. ಬೆಕ್ಕು ಕುಂಟುತ್ತಿರುವುದು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿ ಅದನ್ನು ಮಡಿಲಿಗೆ ಎಳೆದುಕೊಂಡು ಅಂಗಾಲಿನಿಂದ ಗಾಜಿನ ಚೂರು ತೆಗೆದ. ಅದು ಅವನ ಮೂಗು ಪರಚಿತು. ಸಂಜೆ ನೀಲಾಂಬೆ ಪೊರಕೆ ಹಿಡಿದು ಬಂದಳು. ಇಬ್ಬರೂ ಸೇರಿ ಚೂರು ಗುಡಿಸಿದರು. ಮರುದಿನ ಅಂಕಣ್ಣ ಹಲಗೆಗಳಿಗೆ ಬಾಗಿಲು ಹಾಕಿಸಿದ.

ವರ್ಷ ತುಂಬಲು ಎಂಟು ದಿನವಿದ್ದಾಗ ಸಾಸಿವೆ ಕಾಯಿಲೆ ಬಿದ್ದಳು. ಮೀನು ಮೂಸಿ ನೋಡಲಿಲ್ಲ, ಕಣ್ಣು ಬಿಡಲಿಲ್ಲ. ನೀಲಾಂಬೆ ಮೇಕೆಹಾಲು ತಂದಳು. ಅಂಕಣ್ಣ ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಹನಿಹನಿಯಾಗಿ ಕುಡಿಸಿದ. ಕುಡಿದದ್ದು ಕಕ್ಕಿದಳು. ಒರೆಸಿ ಮತ್ತೆ ಕುಡಿಸಿದ. ಏಳು ದಿನ ಹೀಗೇ ಕಳೆಯಿತು.

ಎಂಟನೆಯ ದಿನ ಬೆಳಿಗ್ಗೆ ಹೊಗೆಯ ಹುಲಿಯೊಂದು ಅಂಗಳಕ್ಕೆ ಬಂದು ನಿಂತಿತು. ಅದರ ಬಾಲ ಬೀದಿಯ ಕೊನೆಯವರೆಗೂ ಇತ್ತು.

"ಬಳೆಗಾರ, ನಿನ್ನ ಮುಖ ನೋಡಿಕೋ," ಎಂದಿತು ಹುಲಿ. "ಸಾಕಾಗಿದೆ, ಬಿಟ್ಟೆ ಅಂತ ಒಂದು ಮಾತು ಹೇಳು. ಬೆಕ್ಕಿನ ಕಾಯಿಲೆ ವಾಸಿಮಾಡುತ್ತೇನೆ, ಒಡೆದ ಬಳೆಗಳನ್ನೂ ಕೂಡಿಸಿಕೊಡುತ್ತೇನೆ."

ಅಂಕಣ್ಣ ಬೆಕ್ಕನ್ನು ಎದೆಗೊತ್ತಿಕೊಂಡ. ಬೆಕ್ಕು ಬದುಕಿದರೆ ಸಾಕೆಂದು ಒಂದು ಕ್ಷಣ ಮನಸ್ಸು ಓಲಾಡಿತು. ಆದರೆ ಗೋಡೆಯ ಮೇಲಿನ ಕಲ್ಲುಬೆಕ್ಕುಗಳಂಥ ಬದುಕು ಬದುಕೇ?

"ಸಾಕಾಗಿದೆ ನಿಜ," ಎಂದ. "ಆದರೆ ಬಿಡಲ್ಲ. ಜರುಗಿ ನಿಲ್ಲು, ಬಿಸಿಲು ಅಡ್ಡವಾಗ್ತಿದೆ. ಇದಕ್ಕೆ ಮೈ ಬೆಚ್ಚಗಾಗಬೇಕು."

ಹುಲಿ ಬಾಯಿ ತೆರೆಯುವಷ್ಟರಲ್ಲಿ ಸೂರ್ಯ ಮಾಡಿನ ಮೇಲೆ ಬಂದ. ಸಾಸಿವೆ ಮನೆಗೆ ಬಂದು ಸರಿಯಾಗಿ ಒಂದು ವರ್ಷ ತುಂಬಿತು. ಅವಳು ಒಂದು ಕಣ್ಣು ಬಿಟ್ಟಳು, ಮೈಮುರಿದಳು, ಗುರುಗುಟ್ಟಿದಳು. ಆ ಸದ್ದಿಗೆ ಕರಿಬೆಟ್ಟದಲ್ಲಿ ತೊಂಬತ್ತೊಂಬತ್ತು ಕಲ್ಲುಬೆಕ್ಕುಗಳು ಮೈ ಕೊಡವಿ ಎದ್ದವು. ಒಂದೊಂದು ಎದ್ದಾಗಲೂ ಹೊಗೆನಾಥನ ಹತ್ತು ವರ್ಷ ಕಳಚಿ ಬಿತ್ತು. ಹುಲಿ ಮುದುಕನಾಯಿತು, ಮುದುಕ ಎಲುಬಾದ, ಎಲುಬು ಒಂದು ಹಿಡಿ ಬೂದಿಯಾಯಿತು. ನೀಲಾಂಬೆ ಅದನ್ನು ಗುಡಿಸಿ ತಿಪ್ಪೆಗೆ ಹಾಕಿದಳು.

ಬೆಕ್ಕುಗಳು ಬಾಲ ಎತ್ತಿಕೊಂಡು ಊರಿಗೆ ಬಂದವು. ಇಲಿಗಳು ಗಂಟುಮೂಟೆ ಕಟ್ಟಿದವು. ಮಹಾರಾಜರ ಮೀಸೆ ಮತ್ತೆ ಚಿಗುರಿತು. ಯುವರಾಜ ಒಂದು ಕುಂಟುಬೆಕ್ಕನ್ನು ಸಾಕಿಕೊಂಡು, ಅದರ ಬಾನಿಯನ್ನು ತಾನೇ ತೊಳೆಯುವುದನ್ನು ಕಲಿತ.

ಮುಂದಿನ ಚೈತ್ರದಲ್ಲಿ ಅಂಕಣ್ಣನಿಗೂ ನೀಲಾಂಬೆಗೂ ಮದುವೆ ಗೊತ್ತಾಯಿತು. ರಾಣಿ ಜರತಾರಿ ಸೀರೆ ಉಡುಗೊರೆ ಕಳಿಸಿದಳು. ಮುಹೂರ್ತದ ದಿನ ಉಡಲೆಂದು, ಹಿಂದಿನ ರಾತ್ರಿ ಸರಿಯಾಗಿ ಮುಚ್ಚದೆ ಬಿಟ್ಟಿದ್ದ ಪೆಟ್ಟಿಗೆ ತೆಗೆದರೆ, ಸೀರೆಯ ಮಡಿಕೆಯ ಮೇಲೆ ಸಾಸಿವೆ ನಾಲ್ಕು ಮರಿ ಹಾಕಿ ಮಲಗಿದ್ದಳು. ನೀಲಾಂಬೆ ಪೆಟ್ಟಿಗೆಯ ಮುಚ್ಚಳವನ್ನು ಗಾಳಿಯಾಡುವಷ್ಟು ಓರೆ ಮಾಡಿಟ್ಟು, ದಿನವೂ ಉಡುವ ಹತ್ತಿ ಸೀರೆಯಲ್ಲೇ ಹಸೆಗೆ ಹೋಗಿ ಕೂತಳು. ಆಮೇಲೆ ಅವರೆಲ್ಲ ಬಹುಕಾಲ ಸುಖವಾಗಿದ್ದರು.